ಮುದ್ದೆ ಬಿಟ್ಟ ಅಳಿಯ

ದೊಡ್ಡಬಳ್ಳಾಪುರದ ಕಡೆ ಗಂಡಸು ಹೆಂಡ ಬಿಟ್ಟರೆ ಹೆಂಡತಿ ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಬೀಡಿ ಬಿಟ್ಟರೆ ಬುದ್ಧಿ ಬಂತು ಅನ್ನುತ್ತಾರೆ. ಇಸ್ಪೀಟು ಬಿಟ್ಟರಂತೂ ನಾಲ್ಕು ಜನಕ್ಕೆ ತೋರಿಸಿ ಹೊಗಳುತ್ತಾರೆ. ಮುದ್ದೆ ಬಿಟ್ಟರೆ ಮಾತ್ರ ಹಿರಿಯರು ಜಗಲಿಯಲ್ಲಿ ಕೂತು ಪಂಚಾಯಿತಿ ಮಾಡುತ್ತಾರೆ. ನನ್ನ ವಿಷಯದಲ್ಲಿ ಮಾಡಿದರು. ಮಾವನವರು, ಅವರ ತಮ್ಮ, ಜೊತೆಗೆ ಯಾವ ಪಂಚಾಯಿತಿಗಾದರೂ ಕರೆಯದೆ ಬರುವ ಒಬ್ಬ ಯಜಮಾನರು. ‘ನಮ್ಮಿಂದ ಏನ್ ಕಮ್ಮಿ ಆಗೈತೆ ಅಳಿಯಂದ್ರೆ, ಬಾಯಿಬಿಟ್ಟು ಹೇಳಿ’ ಎಂದು ಶುರುವಾಯಿತು. ನಾನು ಬೈಕು ಕೇಳುತ್ತಿಲ್ಲ, ಸೈಟು ಕೇಳುತ್ತಿಲ್ಲ, ನನಗೆ ಬೇಡವಾದದ್ದು ಪಿಷ್ಟ ಮಾತ್ರ ಎಂದು ಬಿಡಿಸಿ ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಏನೂ ಕೇಳದ ಅಳಿಯನನ್ನು ಯಾರು ನಂಬುತ್ತಾರೆ?

ಪಿಷ್ಟ ಬಿಡಿಸಿದ್ದು ನನ್ನ ಬೆನ್ನು. ಅದರ ಕಥೆ ಹೀಗೆ. ಇಪ್ಪತ್ತೈದು ದಾಟುವ ಹೊತ್ತಿಗೆ ಬೆಳಗಿನ ಜಾವ ಸೊಂಟ ಹಿಡಿಯತೊಡಗಿತು. ಊರವರ ಬೆನ್ನುನೋವು ಮಲಗಿದರೆ ಇಳಿಯುತ್ತದೆ. ನನ್ನದು ಮಲಗಿದರೆ ಏರುತ್ತದೆ, ಓಡಾಡಿದರೆ ಇಳಿಯುತ್ತದೆ. ಸೋಮಾರಿಗೆ ಬರಬಾರದ ಕಾಯಿಲೆ, ಹುಡುಕಿಕೊಂಡು ನನಗೇ ಬಂತು. ‘ವಾಯು’ ಎಂದರು ನಮ್ಮಮ್ಮ. ನಮ್ಮಲ್ಲಿ ಹೆಸರು ಗೊತ್ತಿಲ್ಲದ ನೋವೆಲ್ಲ ವಾಯು, ವಾಯುವಿಗೆಲ್ಲ ಬೆಳ್ಳುಳ್ಳಿ. ಬೆಳ್ಳುಳ್ಳಿ ತಿಂದು ತಿಂದು ಆಫೀಸಿನಲ್ಲಿ ಪಕ್ಕದ ಕುರ್ಚಿ ಖಾಲಿಯಾಯಿತೇ ಹೊರತು ಸೊಂಟ ಬಿಡಲಿಲ್ಲ. ಕೊನೆಗೆ ಬೆಂಗಳೂರಿನ ಕೀಲುವಾತದ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆಸಿ, ರಕ್ತದಲ್ಲಿ ಎಚ್‌ಎಲ್‌ಎ-ಬಿ27 ಇದೆಯೇ ನೋಡಿ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಬರೆದುಕೊಟ್ಟರು. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ. ಬಿಟ್ಟರೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಮಾವನ ಮನೆಯಲ್ಲಿ ಆ ಹೆಸರಿನ ಮೊದಲ ಅಕ್ಷರಗಳಷ್ಟೇ ಉಳಿದು ಅದು ‘ಅಂಕಲ್ ಕಾಯಿಲೆ’ ಆಯಿತು. ವಯಸ್ಸಾದ ಮೇಲೆ ಬರೋದು, ನಮ್ಮ ಅಳಿಯಂದ್ರಿಗೆ ಬೇಗ ಬಂದುಬಿಡ್ತು ಎಂದು ಅವರೇ ಅರ್ಥವನ್ನೂ ಕಟ್ಟಿದರು. ನಿಜದಲ್ಲಿ ಅದು ಬರುವುದೇ ಹರೆಯದವರಿಗೆ.

ಪಿಷ್ಟದ ಪಥ್ಯ ಮಾತ್ರ ಬಂದದ್ದು ಲಂಡನ್ನಿನಿಂದ. ಬಿ27 ಎಂಬ ಗುರುತಿಗೂ ಈ ಕಾಯಿಲೆಗೂ ನಂಟಿದೆ ಎಂದು 1973ರಲ್ಲಿ ಲಂಡನ್ನಿನ ಒಂದು ತಂಡ, ಅಮೆರಿಕದ ಒಂದು ತಂಡ ಬೇರೆ ಬೇರೆಯಾಗಿ ಹೇಳಿದವು. ಆಮೇಲೆ ಕಿಂಗ್ಸ್ ಕಾಲೇಜಿನ ಆಲನ್ ಎಬ್ರಿಂಗರ್ ಎಂಬ ಪ್ರೊಫೆಸರರು ಹೊಟ್ಟೆಯ ಕಡೆ ಬೆರಳು ತೋರಿಸಿದರು. ಅವರ ವಾದ ಇಷ್ಟು: ಜೀರ್ಣವಾಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿ ಅದನ್ನು ತಿಂದು ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಮೈ ಬೆಳೆಸುತ್ತದೆ, ಅದರ ಮೇಲೆ ದೇಹ ಹೂಡುವ ಯುದ್ಧದಲ್ಲಿ, ನೋಡಲು ಅದರಂತೆಯೇ ಇರುವ ನಮ್ಮದೇ ಅಂಗಾಂಶಗಳಿಗೂ ಏಟು ಬೀಳುತ್ತದೆ. ಹಾಗಾಗಿ ಪಿಷ್ಟ ಕಡಿಮೆ ಮಾಡಿ, ಬ್ಯಾಕ್ಟೀರಿಯಾ ಉಪವಾಸ ಬೀಳಲಿ. 1996ರಲ್ಲಿ ಈ ಬಗ್ಗೆ ಒಂದು ಲೇಖನವನ್ನೂ ಪ್ರಕಟಿಸಿದರು. ನನ್ನ ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ, ಕುಣಿಯಲೂ ಇಲ್ಲ. ‘ದೊಡ್ಡ ಪ್ರಯೋಗಗಳಲ್ಲಿ ಸಾಬೀತಾದದ್ದಲ್ಲ. ಬೇಕಿದ್ರೆ ಮಾಡಿ ನೋಡಿ. ಮಾತ್ರೆ ಬಿಡಬಾರದು, ವ್ಯಾಯಾಮ ಬಿಡಬಾರದು, ತೂಕ ಇಳಿದ್ರೆ ಬಂದು ಹೇಳಬೇಕು’ ಎಂದರು.

ಎಬ್ರಿಂಗರ್ ಸಾಹೇಬರ ಮೇಲೆ ನನಗೆ ಗೌರವವಿದೆ. ಆದರೆ ಅವರು ನಮ್ಮ ತಾಲ್ಲೂಕಿನಲ್ಲಿ ಒಂದು ಹೊತ್ತು ಉಂಡವರಲ್ಲ ಎಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. ಲಂಡನ್ನಿನವನು ಬ್ರೆಡ್ಡು, ಆಲೂಗಡ್ಡೆ ಬಿಟ್ಟರೆ ತಟ್ಟೆಯಲ್ಲಿ ಇನ್ನೂ ಏನಾದರೂ ಉಳಿಯುತ್ತದೆ. ನಮ್ಮಲ್ಲಿ ಉಳಿಯುವುದು ತಟ್ಟೆ. ಮಾವನವರ ಹೊಲಕ್ಕೇ ಬನ್ನಿ. ರಾಗಿ ಹೊಲ, ನಡುನಡುವೆ ಅಕ್ಕಡಿ ಸಾಲು. ರಾಗಿ ನನಗಿಲ್ಲ. ಸಾಲಿನಲ್ಲಿರುವ ಅವರೆ ಇಲ್ಲ, ತೊಗರಿ ಇಲ್ಲ, ಜೋಳ ಇಲ್ಲ. ಉಳಿದದ್ದು ಸಾಸಿವೆ ಮತ್ತು ಹುಚ್ಚೆಳ್ಳು. ಇಡೀ ಹೊಲದಲ್ಲಿ ನನ್ನ ಪಾಲಿಗೆ ಬಂದದ್ದು ಒಗ್ಗರಣೆ ಮತ್ತು ಚಟ್ನಿ. ಅದನ್ನು ಯಾವುದಕ್ಕೆ ಹಚ್ಚಿಕೊಂಡು ತಿನ್ನಬೇಕು ಎಂದು ಯಾವ ಪ್ರೊಫೆಸರೂ ಬರೆದಿಲ್ಲ.

ಅತ್ತೆ ನನ್ನೊಡನೆ ನೇರವಾಗಿ ಮಾತಾಡುವುದು ಅಪರೂಪ. ಏನಿದ್ದರೂ ನನ್ನೆದುರಲ್ಲೇ ಮಗಳನ್ನು ಕೇಳುತ್ತಾರೆ. ‘ಅಳಿಯಂದ್ರು ಮುದ್ದೆ ಯಾಕೆ ಮುಟ್ಟಾಕಿಲ್ವಂತೆ?’ ನನ್ನ ಹೆಂಡತಿ ಪಿಷ್ಟದ ಕಥೆ ಹೇಳಿದಳು. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಹಿಟ್ಟನ್ನ ವಸ್ತ್ರಗಾಲಿ ಹಿಡಿದು ಆ ಪಿಷ್ಟ ತೆಗೆದುಹಾಕಿ ಮಾಡ್ಲಾ?’ ಎಂದರು.

ಮಾಡಲಾಗುವುದಿಲ್ಲ. ಮುದ್ದೆ ಮುದ್ದೆಯಾಗುವುದೇ ಪಿಷ್ಟದಿಂದ. ಅತ್ತೆ ಎಸರಿಗೆ ಮೊದಲು ಒಂದಿಷ್ಟು ಹಿಟ್ಟು ಕದಡಿ ಹುಯ್ಯುತ್ತಾರೆ. ಉಕ್ಕು ಬಂದ ಮೇಲೆ ಉಳಿದ ಹಿಟ್ಟು ಗೋಪುರವಾಗಿ ಸುರಿದು, ನಟ್ಟನಡುವೆ ಕೋಲು ಚುಚ್ಚಿ, ಮುಟ್ಟದೆ ಬೇಯಲು ಬಿಡುತ್ತಾರೆ. ಕೋಲಿನ ಸುತ್ತ ಗುಳ್ಳೆ ಎದ್ದಾಗ ಪಾತ್ರೆ ಕೆಳಗಿಳಿಸಿ, ಎರಡು ಪಾದಗಳ ನಡುವೆ ಬಿಗಿಯಾಗಿ ಹಿಡಿದು, ಒಂದು ಗಂಟೂ ನಿಲ್ಲದಂತೆ ತೊಳಸುತ್ತಾರೆ. ಆ ಬಿಸಿಗೆ ಪಿಷ್ಟದ ಕಣಗಳು ನೀರು ಕುಡಿದು, ಉಬ್ಬಿ, ಅಂಟಿಕೊಳ್ಳುತ್ತವೆ. ಆಮೇಲೆ ಒದ್ದೆ ಮಣೆಯ ಮೇಲೆ ಸುರಿದು ಬರಿಗೈಯಲ್ಲಿ ಉರುಟುತ್ತಾರೆ. ಕೈ ಸುಟ್ಟ ಲಕ್ಷಣ ಮುಖದಲ್ಲಿ ಕಾಣುವುದಿಲ್ಲ. ಕನ್ನಡಿ ನುಣುಪಿನ ಆ ಉಂಡೆಯನ್ನು ಮುಂದಿಟ್ಟಾಗ ಬೇಡ ಅನ್ನಲು ಬೆನ್ನುಮೂಳೆ ಬೇಕು. ನನ್ನಲ್ಲಿ ಕೆಟ್ಟಿರುವುದೇ ಅದು.

ಮಾವನವರದು ವಾದದ ದಾರಿ. ರಾಗಿ ತಿಂದವ ನಿರೋಗಿ ಎಂದರು. ಇಷ್ಟು ವರ್ಷ ತಿಂದೆನಲ್ಲ ಎಂದರೆ ನಿಮ್ಮಮ್ಮ ಸಣ್ಣ ಮುದ್ದೆ ಹಾಕಿದ್ದಾರೆ ಎಂದರು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಮೂಳೆಯ ಕಾಯಿಲೆಯವನು ಬಿಡುವುದು ಎಲ್ಲಾದರೂ ಉಂಟೇ ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ನೂರು ಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ ಎಂದು ಗೊಣಗಿದೆ. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಕೆ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರ ಹೆಸರು ಎತ್ತಿ, ಅಂಥವರು ಜೀವಮಾನ ಸವೆಸಿದ್ದು ನೀವು ಹೀಗೆ ತಟ್ಟೆ ತಳ್ಳಲಿ ಎಂದೇ ಎಂದು ಕೇಳಿದರು. ಕಡೆಗೆ ಕನಕದಾಸರನ್ನೇ ಕರೆದರು. ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳವಾದಾಗ ರಾಮನೇ ರಾಗಿಯ ಪರ ತೀರ್ಪು ಕೊಟ್ಟಿಲ್ಲವೇ? ಕೊಟ್ಟಿದ್ದಾನೆ. ಆದರೆ ಅದಕ್ಕೆ ಮುಂಚೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಟ್ಟಿದ್ದ. ನನ್ನ ಅಡುಗೆಮನೆಯಲ್ಲಿ ಎರಡಕ್ಕೂ ಸದ್ಯಕ್ಕೆ ಜಾಮೀನಿಲ್ಲ, ಅಷ್ಟೇ ವ್ಯತ್ಯಾಸ.

ಮದುವೆಮನೆಗಳಲ್ಲಿ ಇಷ್ಟೆಲ್ಲ ವಿವರಿಸಲು ಪುರುಸೊತ್ತಿರುವುದಿಲ್ಲ. ಸೊಪ್ಪಿನ ಪಲ್ಯ, ಮಜ್ಜಿಗೆ ಇಟ್ಟುಕೊಂಡು ಕೂತವನ ಎದುರು ಬಡಿಸುವವರು ಬಂದು ನಿಂತುಬಿಡುತ್ತಾರೆ. ಒಮ್ಮೆ ಉಪಾಯ ಹೊಳೆಯಿತು: ‘ಶುಗರ್ರು’ ಎಂದೆ. ನಮ್ಮ ಕಡೆ ಶುಗರ್ರಿಗೆ ಭಾರಿ ಮರ್ಯಾದೆ. ಪಾಯಸದವನು ಕೈ ಮುಗಿಯುವಂತೆ ಹಿಂದೆ ಸರಿದ, ಅನ್ನದವನು ಮುಂದೆ ಹೋದ. ಅಷ್ಟರಲ್ಲಿ ಪಕ್ಕದ ಎಲೆಯವರು ಕೂಗಿದರು: ‘ಏಯ್, ಇಲ್ಲಿ ಶುಗರ್ ಪೇಷಂಟ್ ಅವ್ರೆ ಕಣ್ರಪ್ಪೋ, ಎರಡು ಮುದ್ದೆ ತನ್ನಿ!’

ಹೊಸಕೋಟೆಯ ಬಿರಿಯಾನಿಯದು ಇನ್ನೊಂದು ಬಗೆಯ ಸಂಕಟ. ಬೆಳಗಿನ ಜಾವ ನಾಲ್ಕಕ್ಕೆ ಲೋಕದಲ್ಲಿ ಎಚ್ಚರವಾಗಿರುವವರು ಎರಡೇ ಜಾತಿ: ನನ್ನಂಥ ಬೆನ್ನಿನವರು ಮತ್ತು ಹೊಸಕೋಟೆಯಲ್ಲಿ ದಮ್ ಬಿರಿಯಾನಿಗೆ ಸಾಲು ನಿಂತವರು. ಹೇಗೂ ಎದ್ದೇ ಇರ್ತೀಯಲ್ಲ ಎಂದು ಗೆಳೆಯರು ಕರೆದುಕೊಂಡು ಹೋದರು. ಸಾಲಿನಲ್ಲಿ ನಿಂತು ಹೆಜ್ಜೆ ಹೆಜ್ಜೆ ಸರಿಯುವುದು ನನ್ನ ಸೊಂಟಕ್ಕೆ ಒಳ್ಳೆಯ ವ್ಯಾಯಾಮವೇ. ಪ್ಲೇಟು ಬಂದ ಮೇಲೆ ನಾನು ನನ್ನ ಅನ್ನವನ್ನೆಲ್ಲ ಉದಾರವಾಗಿ ಮೂವರಿಗೂ ಹಂಚಿ, ಅದಕ್ಕೆ ಬದಲಾಗಿ ಅವರವರ ಪ್ಲೇಟಿನಿಂದ ಮಟನ್ ಪೀಸು ಎತ್ತಿಕೊಂಡೆ. ನಿಯಮದ ಪ್ರಕಾರ ನ್ಯಾಯವೇ. ಅಂಟಿಕೊಂಡ ಒಂದೊಂದು ಅಗುಳನ್ನೂ ಬಿಡಿಸಿ ಪಕ್ಕಕ್ಕಿಟ್ಟು ತಿನ್ನುತ್ತಿದ್ದವನನ್ನು ಅವರು ಮಾತಿಲ್ಲದೆ ನೋಡುತ್ತಿದ್ದರು. ಆಮೇಲೆ ನನ್ನ ನಿದ್ದೆಯ ಬಗ್ಗೆ ಅವರಿಗೆ ಬಹಳ ಕಾಳಜಿ ಬಂದಿದೆ. ನಾಲ್ಕಕ್ಕೆ ಯಾರೂ ಫೋನ್ ಮಾಡುವುದಿಲ್ಲ.

ಮನೆಯಲ್ಲಿ ಈ ಪಥ್ಯಕ್ಕೆ ಪೊಲೀಸು ನನ್ನ ಮಗಳು. ಪಿಷ್ಟದ ಮೇಲೆ ಅಯೋಡಿನ್ ಹಾಕಿದರೆ ನೀಲಿಗಪ್ಪಾಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟರಂತೆ. ಹಾಲಿಗೆ ಹಿಟ್ಟು ಬೆರೆಸಿದ್ದಾರೋ ನೋಡುವುದೂ ಇದರಲ್ಲೇ. ಮೆಡಿಕಲ್ ಸ್ಟೋರಿನಿಂದ ಟಿಂಚರ್ ಬಾಟಲಿ, ಡ್ರಾಪರು ತರಿಸಿಕೊಂಡು ಮನೆಯೆಲ್ಲ ತನಿಖೆ ನಡೆಸಿದಳು. ಬಾಳೆಕಾಯಿ ಕಪ್ಪಾಯಿತು, ಕಳಿತು ಚುಕ್ಕೆ ಬಿದ್ದ ಹಣ್ಣು ಅಷ್ಟಾಗಿ ಆಗಲಿಲ್ಲ, ಹಣ್ಣಾಗುತ್ತ ಪಿಷ್ಟ ಸಕ್ಕರೆಯಾಗುತ್ತದಲ್ಲ. ದೇವನಹಳ್ಳಿ ಚಕ್ಕೋತ ಗೌರವದಿಂದ ಪಾಸಾಯಿತು. ಮೊಟ್ಟೆ ಪಾಸು, ಕೋಳಿ ಪಾಸು. ಸಾರಿನ ಪುಡಿ ಫೇಲು, ಬೇಳೆ ಹುರಿದು ಹಾಕಿದ್ದಾರೆ. ಡಬ್ಬಿಯ ಇಂಗು ಫೇಲು. ಅದರಲ್ಲಿ ಇಂಗಿಗಿಂತ ಮೈದಾ ಜಾಸ್ತಿ. ಉರಿಯೂತಕ್ಕೆ ದಿವ್ಯೌಷಧ ಎಂದು ಹೋದಲ್ಲೆಲ್ಲ ಕೇಳಿಸುವ ಅರಿಶಿನ ಪುಡಿಯೂ ಫೇಲು: ಅದೂ ಗೆಡ್ಡೆಯೇ ತಾನೆ. ಇಷ್ಟಕ್ಕೂ ತೃಪ್ತಿಯಾಗದೆ ನನ್ನ ನೋವಿನ ಮಾತ್ರೆಯೊಂದನ್ನು ಕುಟ್ಟಿ ಅದರ ಮೇಲೂ ಒಂದು ಹನಿ ಬಿಟ್ಟಳು. ಅದು ಅವಮಾನಗೊಂಡವರ ಮುಖದಂತೆ ಕಪ್ಪಿಟ್ಟಿತು. ಮಾತ್ರೆ ಪುಡಿಯಾಗದೆ ನಿಲ್ಲಲೆಂದು ಪಿಷ್ಟ ಬೆರೆಸುತ್ತಾರೆ. ‘ಅಪ್ಪಾ, ನೋವಿಗೆ ನುಂಗೋದ್ರಲ್ಲೂ ಪಿಷ್ಟ ಇದೆ’ ಎಂದಳು. ಮಾತ್ರೆಯಲ್ಲಿರುವುದು ಚಿಟಿಕೆಯಷ್ಟು, ಡಾಕ್ಟರು ಬಿಡಬೇಡಿ ಅಂದಿದ್ದಾರೆ ಎಂದು ನುಂಗಿದೆ. ನಮ್ಮೂರು ನೇಯ್ಗೆಯ ಊರು. ಅತ್ತೆ ತಮ್ಮ ಸೀರೆಗೆ ಗಂಜಿ ಹಾಕುತ್ತ ಇದನ್ನೆಲ್ಲ ನೋಡುತ್ತಿದ್ದವರು ನನ್ನ ಹೆಂಡತಿಗೆ ಹೇಳಿದರು: ‘ಈ ಸೀರೆಗಿರೋ ಭಾಗ್ಯ ಅವರ ಹೊಟ್ಟೆಗಿಲ್ವಲ್ಲೇ.’

ಗುಣ ಕಂಡಿತೇ ಎಂದು ಎಲ್ಲರೂ ಕೇಳುತ್ತಾರೆ. ಕಂಡಿದೆ. ಬೆಳಗಿನ ಬಿಗಿತ ಬೇಗ ಬಿಡುತ್ತದೆ, ಹೋದಸಲ ರಕ್ತದಲ್ಲಿ ಉರಿಯೂತ ಅಳೆಯುವ ಸಿಆರ್‌ಪಿ ಕೂಡ ಇಳಿದಿತ್ತು. ಅದರ ಕೀರ್ತಿ ಯಾರಿಗೆ ಎಂಬುದು ಇತ್ಯರ್ಥವಾಗಿಲ್ಲ. ಡಾಕ್ಟರು ಮಾತ್ರೆ ಅನ್ನುತ್ತಾರೆ. ಹೆಂಡತಿ ದಿನಾ ಬೆಳಿಗ್ಗೆ ನನ್ನನ್ನು ನೆಲದ ಮೇಲೆ ಉರುಳಿಸಿ ಮಾಡಿಸುವ ವ್ಯಾಯಾಮ ಅನ್ನುತ್ತಾಳೆ. ಮಗಳು ಅಯೋಡಿನ್ನು ಅನ್ನುತ್ತಾಳೆ. ನಾನು ಎಬ್ರಿಂಗರ್ ಅನ್ನುತ್ತೇನೆ, ಉಪವಾಸ ಬಿದ್ದವನು ಬೇರೇನು ತಾನೇ ಅಂದಾನು. ಅಮ್ಮ ಮಾತ್ರ ಯಾರೊಂದಿಗೂ ವಾದಕ್ಕೆ ನಿಲ್ಲಲಿಲ್ಲ. ‘ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದೆ. ಹೊರಡಿ ಎಲ್ಲ’ ಎಂದರು.

ಘಾಟಿಯ ಗರ್ಭಗುಡಿಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಸುಬ್ರಹ್ಮಣ್ಯ, ಅವನ ಬೆನ್ನಿಗೆ ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ದೇವರು ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಕತ್ತು ಪೂರ್ತಿ ತಿರುಗದೆ ಹಿಂದಿನದನ್ನೆಲ್ಲ ಬೈಕಿನ ಕನ್ನಡಿಯಲ್ಲೇ ನೋಡುವ ನನಗೆ ಇಷ್ಟು ಅನುಕೂಲ ಮಾಡಿಕೊಟ್ಟ ದೇವಸ್ಥಾನ ಇನ್ನೊಂದಿಲ್ಲ. ದರ್ಶನ ಮುಗಿಸಿ, ನಾಗರಕಲ್ಲುಗಳ ಹತ್ತಿರ ಹಾಲೆರೆದು, ನೆರಳಲ್ಲಿ ಕೂತೆವು. ಅಮ್ಮ ಡಬ್ಬಿಯ ಮುಚ್ಚಳ ತೆಗೆದರು. ತಂಬಿಟ್ಟು. ಅಕ್ಕಿ ಹಿಟ್ಟು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಎಳ್ಳು. ಎಳ್ಳು, ಕೊಬ್ಬರಿ, ಬೆಲ್ಲಕ್ಕೆ ನನ್ನ ತಕರಾರಿಲ್ಲ.

‘ಅಮ್ಮಾ, ಅಕ್ಕಿ...’

‘ನೈವೇದ್ಯ ಆಗೈತೆ. ದೇವರ ಪ್ರಸಾದಕ್ಕೆ ಯಾವ ಪಿಷ್ಟಾನೋ?’

ಮಗಳ ಕೈ ಮೆಲ್ಲಗೆ ತನ್ನ ಬ್ಯಾಗಿನ ಜಿಪ್ಪಿನ ಕಡೆ ಹೋಯಿತು. ಅತ್ತೆ ಜೀವಮಾನದಲ್ಲಿ ಮೊದಲ ಸಲ ನನ್ನನ್ನೇ ನೇರವಾಗಿ ನೋಡಿ, ‘ತಿನ್ನಿ ಅಳಿಯಂದ್ರೆ, ಆ ಮಗೀನ ನಾನು ಹಿಡ್ಕೊಂತೀನಿ’ ಎಂದರು. ತಂಬಿಟ್ಟಿಗೆ ಏಲಕ್ಕಿ ಸರಿಯಾಗಿ ಬಿದ್ದಿತ್ತು. ಇನ್ನೊಂದು ಕೊಡಿ ಎಂದೆ.