ಕ್ಯಾರವಾನ್ ಮಾರಲು ಕೂತ ರಾಯರಿಗೊಂದು ಬಹಿರಂಗ ಪತ್ರ

ಇವರಿಗೆ,
ಹುಬ್ಬಳ್ಳಿ ಮೂಲದ, ಸದ್ಯ ದಕ್ಷಿಣ ಡಬ್ಲಿನ್ ನಿವಾಸಿಗಳಾದ ಶ್ರೀ ರಾಯರು.

ವಿಷಯ: ಸೆಕೆಂಡ್ ಹ್ಯಾಂಡ್ ಕ್ಯಾರವಾನನ್ನು ಯೋಗ್ಯರಿಗೇ ಮಾರಬೇಕೆಂಬ ತಮ್ಮ ಸಂಕಲ್ಪದ ಕುರಿತು.

ಮಾನ್ಯರೇ,

ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತಾವು ನೀಡಿದ ಉಪದೇಶ ಇಡೀ ಹಾಲ್‌ಗೆ ಕೇಳಿಸಿತ್ತು. ಹಾಗಾಗಿ ಉತ್ತರವೂ ನಾಲ್ಕು ಜನರೆದುರಿಗೇ ಇರಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. "ಹಳೇ ಸಾಮಾನು ಯಾರಿಗರೆ ಮಾರ್ರಿ, ಆ ಟ್ರಾವೆಲರ್ ಮಂದಿಗೆ ಮಾತ್ರ ಮಾರಬ್ಯಾಡ್ರಿ" ಎಂದಿರಿ. ಯಾಕೆ ಎಂದು ಯಾರೂ ಕೇಳಲಿಲ್ಲ. ಇಂಥ ಮಾತಿಗೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪಕ್ಕದ ಎಲೆಯವರು ಐರ್ಲೆಂಡಿಗೆ ಹೊಸಬರು. ಟೆಂಪೋ ಟ್ರಾವೆಲರ್ ವಿಷಯ ಇರಬೇಕು ಎಂದುಕೊಂಡು ಭಕ್ತಿಯಿಂದ ತಲೆಯಾಡಿಸಿದರು.

ಅವರ ಸಲುವಾಗಿ ಎರಡು ಮಾತು, ತಾವು ಬೇಕಾದರೆ ಬಿಟ್ಟು ಓದಿ. ಐರಿಷ್ ಟ್ರಾವೆಲರ್‌ಗಳು ನಮ್ಮ ಹಾಗೆ ವೀಸಾ ಹಿಡಿದು ವಿಮಾನದಿಂದ ಇಳಿದವರಲ್ಲ. ಯುರೋಪಿನ ರೋಮಾ ಜನರ ಪೂರ್ವಿಕರು ಭಾರತದ ಕಡೆಯವರು. ಟ್ರಾವೆಲರ್‌ಗಳು ಹಾಗಲ್ಲ, ಅಪ್ಪಟ ಈ ನೆಲದವರು. ತಗಡಿನ ಪಾತ್ರೆ ಮಾಡಿ, ತೂತು ಬಿದ್ದದ್ದಕ್ಕೆ ಬೆಸುಗೆ ಹಾಕಿ, ಕುದುರೆ ಕೊಂಡು ಮಾರಿ, ಊರೂರು ತಿರುಗಿ ಬದುಕಿದವರು. ಪ್ಲಾಸ್ಟಿಕ್ ಬಕೆಟ್ ಬಂದದ್ದೇ ತಗಡಿನ ಕಸುಬು ಮುಳುಗಿತು. ಆಮೇಲೆ ಕೈಗೆ ಸಿಕ್ಕಿದ್ದು ಗುಜರಿ, ಹಳೇ ಗಾಡಿ, ಹಳೇ ಕ್ಯಾರವಾನ್. 2022ರ ಜನಗಣತಿಯ ಲೆಕ್ಕದಲ್ಲಿ ಅವರು 32,949 ಮಂದಿ. ಅವರದು ಪ್ರತ್ಯೇಕ ಜನಾಂಗ ಎಂದು ಸರ್ಕಾರ ಒಪ್ಪಿಕೊಂಡದ್ದು 2017ರ ಮಾರ್ಚ್ 1ರಂದು. ಇಷ್ಟು ಮಂದಿ ಸೇರಿಕೊಂಡು ಐವತ್ತು ಲಕ್ಷ ಜನರ ದೇಶದ ಹಳೇ ಸಾಮಾನನ್ನೆಲ್ಲ ಅಗ್ಗಕ್ಕೆ ಹೊಡೆದುಕೊಂಡು ಹೋಗುತ್ತಿದ್ದಾರೆ ಎಂಬುದು ತಮ್ಮ ವಾದ. ಪಾಪ, ಅವರು ನಿದ್ದೆ ಯಾವಾಗ ಮಾಡುತ್ತಾರೋ.

ತಮ್ಮ ಜಾಹೀರಾತನ್ನೂ ಓದಿದೆ. "ಟೈರ್ ಹೊಸವು, ಒಳಗೆ ಒಂದು ಹನಿ ತೇವವಿಲ್ಲ, ಒಂದೇ ಕುಟುಂಬ ಬಳಸಿದ್ದು, ಜೆನ್ಯುಯಿನ್ ಬೈಯರ್ಸ್ ಓನ್ಲಿ." ಕೊನೆಯ ಮೂರು ಪದಗಳನ್ನು ಎಷ್ಟು ಮೆಚ್ಚಿದರೂ ಸಾಲದು. 2000ದ ಸಮಾನ ಸ್ಥಾನಮಾನ ಕಾಯ್ದೆ ಟ್ರಾವೆಲರ್ ಎಂಬ ಕಾರಣಕ್ಕೆ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಪಬ್ಬಿನಲ್ಲಿ ಯಾರನ್ನೂ ವಾಪಸ್ ಕಳಿಸಬಾರದು ಎನ್ನುತ್ತದೆ. ಹಾಗೆಂದು ಜಾಹೀರಾತಿನಲ್ಲಿ ಬರೆಯುವುದಕ್ಕೂ ಅಡ್ಡಿಯಿದೆ. ಮನೆಯಂಗಳದಲ್ಲಿ ನಿಂತು ತನ್ನದೊಂದು ಹಳೇ ವಸ್ತು ಮಾರುವವನ ಮನಸ್ಸಿನೊಳಕ್ಕೆ ಮಾತ್ರ ಕಾನೂನು ಟಾರ್ಚ್ ಹಿಡಿದುಕೊಂಡು ಬರುವುದಿಲ್ಲ. ಆ ಸಂದಿಯಲ್ಲಿ ತಾವು ಕ್ಯಾರವಾನನ್ನೇ ಪಾರ್ಕ್ ಮಾಡಿದ್ದೀರಿ.

ಅವರನ್ನು ಗುರುತಿಸುವುದು ಹೇಗೆ ಎಂದೂ ಹೇಳಿಕೊಟ್ಟಿರಿ. ಬಿಳಿ ವ್ಯಾನಿನಲ್ಲಿ ಬರುತ್ತಾರೆ. (ನಮ್ಮ ಪ್ಲಂಬರನೂ, ಕೊರಿಯರ್ ಹುಡುಗನೂ ಅದರಲ್ಲೇ ಬರುತ್ತಾರೆ, ಇರಲಿ.) ಒಬ್ಬರೇ ಬರುವುದಿಲ್ಲ, ಹೆಂಡತಿ ಮಕ್ಕಳು ಭಾವಮೈದುನ ಎಲ್ಲ ಜೊತೆಗಿರುತ್ತಾರೆ. ಮಾತು ಶುರುವಾಗುವ ಮೊದಲೇ ಕಡೇ ರೇಟು ಕೇಳುತ್ತಾರೆ. ನಗದು ಎಣಿಸುತ್ತಾರೆ. ಕೇಳುತ್ತ ನನಗೆ ಚಿಕ್ಕಪೇಟೆಯಲ್ಲಿ ಮದುವೆ ಸೀರೆ ಕೊಳ್ಳುವ ನಮ್ಮ ಮನೆಯವರೇ ಕಣ್ಣಮುಂದೆ ಬಂದರು. ಅದು ನನ್ನ ತಪ್ಪು ಗ್ರಹಿಕೆ. ನಾವು ಮಾಡಿದರೆ ಅದು ಲೆಕ್ಕಾಚಾರ.

ಕೊನೆಗೆ ಅಡ್ಡಹೆಸರುಗಳ ಪಟ್ಟಿಯೊಂದು ಬಂತು. ಇಂಥ ಹೆಸರಿನವರು ಫೋನ್ ಮಾಡಿದರೆ ಮಾರಾಟವಾಗಿದೆ ಎಂದು ಇಟ್ಟುಬಿಡಿ ಎಂದಿರಿ. ಈ ವಿದ್ಯೆಯಲ್ಲಿ ತಮಗಿಂತ ಮುಂದೆ ಹೋದವರು ಇಂಗ್ಲೆಂಡಿನಲ್ಲಿದ್ದಾರೆ. ಪಾಂಟಿನ್ಸ್ ಎಂಬ ರಜಾ ತಾಣಗಳ ಕಂಪನಿಯೊಂದು ನಲವತ್ತು ಐರಿಷ್ ಅಡ್ಡಹೆಸರುಗಳ ಪಟ್ಟಿ ಮಾಡಿ, ಇವರಿಗೆ ಬುಕಿಂಗ್ ಕೊಡಬೇಡಿ ಎಂದು ಸಿಬ್ಬಂದಿಗೆ ಹಂಚಿತ್ತು. ಪಟ್ಟಿಯ ಪಕ್ಕದಲ್ಲಿ ದಂಡ ಹಿಡಿದು ದಾರಿಗಡ್ಡ ನಿಂತ ಗಡ್ಡದ ಮಾಂತ್ರಿಕನ ಚಿತ್ರ ಬೇರೆ. 2021ರಲ್ಲಿ ಅದು ಬಯಲಾಯಿತು, 2024ರಲ್ಲಿ ಅಲ್ಲಿನ ಸಮಾನತಾ ಆಯೋಗ ಇದು ಕಾನೂನುಬಾಹಿರ ಎಂದು ಹೇಳಿತು. ಪಟ್ಟಿಯಲ್ಲಿ ಮರ್ಫಿ ಕೂಡ ಇತ್ತು. ಐರ್ಲೆಂಡಿನಲ್ಲಿ ಅತಿ ಹೆಚ್ಚು ಜನ ಹೊತ್ತು ತಿರುಗುವ ಅಡ್ಡಹೆಸರೇ ಅದು. ತಮ್ಮ ಮ್ಯಾನೇಜರೂ ಮರ್ಫಿಯೇ ಅಲ್ಲವೇ? ಈ ಸಲದ ಅಪ್ರೈಸಲ್ ಮುಗಿಯುವ ತನಕ ಅವರಿಗೆ ಪಟ್ಟಿಯಿಂದ ವಿನಾಯಿತಿ ಕೊಡಿ.

ಹೆಸರು ನೋಡಿ ಕಳ್ಳರನ್ನು ಹಿಡಿಯುವ ಪಟ್ಟಿ ನಮ್ಮವರಿಗೂ ಹೊಸದಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಊರೂರು ತಿರುಗಿ ಬದುಕುವ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡರು. ಮುಂದೆ ಬೇಲಿಯೊಳಗೆ ಇಟ್ಟು, ಹಾಜರಿ ಕೂಗಿಸಿದರು. ತಮ್ಮ ಹುಬ್ಬಳ್ಳಿಯ ಸೆಟ್ಲಮೆಂಟ್ ಆ ಕಾಲದ ಪಳೆಯುಳಿಕೆ. ಕಾಯ್ದೆ ರದ್ದಾದದ್ದು 1952ರಲ್ಲಿ. "ಆ ಕಡೆ ಆಡಾಕ ಹೋಗಬ್ಯಾಡ" ಎಂದು ಅಜ್ಜ ಗದರಿಸುತ್ತಿದ್ದುದನ್ನು ಒಮ್ಮೆ ತಾವೇ ನಗುತ್ತ ಹೇಳಿದ್ದಿರಿ. ಅಜ್ಜನ ಆಸ್ತಿಯಲ್ಲಿ ಮನೆ ಹೋಯಿತು, ಹೊಲ ಹೋಯಿತು, ಇದೊಂದನ್ನು ಮಾತ್ರ ಜತನವಾಗಿ ಕಡಲು ದಾಟಿಸಿ ತಂದಿದ್ದೀರಿ.

ಈಗ ಕ್ಯಾರವಾನ್ ನೋಡಲು ಗಿರಾಕಿ ಬಂದ ಆ ಶನಿವಾರದ ವಿಷಯಕ್ಕೆ ಬರುತ್ತೇನೆ. ನಾನು ತಮ್ಮ ಮನೆಯವರಿಗೆ, ಅಂದರೆ ವೈನಿಯವರಿಗೆ, ಕುಕ್ಕರ್ ವಾಪಸ್ ಕೊಡಲು ಬಂದಿದ್ದೆ, ಹಾಗಾಗಿ ಸಾಕ್ಷಿಯಾದೆ. ಫೋನಿನಲ್ಲಿ ಗಿರಾಕಿಯ ಉಚ್ಚಾರ ಹಿಡಿಯಲು ತಮಗಾಗಿರಲಿಲ್ಲ. ಬಿಳಿ ವ್ಯಾನು ತಿರುವಿನಲ್ಲಿ ಕಾಣಿಸಿದಾಗಲೇ ತಮ್ಮ ಮುಖದ ಬಣ್ಣ ಬದಲಾಯಿತು. ಇಳಿದವರು ಒಬ್ಬ ಗಂಡಸು, ಅವನ ಹೆಂಡತಿ, ಹನ್ನೆರಡರ ಆಸುಪಾಸಿನ ಒಬ್ಬ ಹುಡುಗ. ಗಂಡಸು ತಮ್ಮ ಕೈ ಕುಲುಕಿ, ಹವೆಯ ಬಗ್ಗೆ ಎರಡು ಮಾತಾಡಿದ. ಹುಡುಗ ಅಷ್ಟರಲ್ಲಿ ಮಂಡಿಯೂರಿ ಟೈರಿನ ಬದಿಯನ್ನು ತೋಳಿನಿಂದ ಒರೆಸಿ, "ಡ್ಯಾಡಿ, ಸೊನ್ನೆ ಒಂಬತ್ತು ಹದಿನಾಲ್ಕು" ಎಂದ. ನನಗೆ ಅರ್ಥವಾಗಲಿಲ್ಲ. ತಮಗೂ ಆಗಲಿಲ್ಲ ಎಂದು ಆಗ ತಿಳಿದಿದ್ದೆ. ಟೈರಿನ ಮೇಲಿನ ಕೊನೆಯ ನಾಲ್ಕು ಅಂಕಿ ಅದರ ಜಾತಕ: ಮೊದಲೆರಡು ವಾರ, ಮುಂದಿನೆರಡು ವರ್ಷ. ತಮ್ಮ ಹೊಸ ಟೈರು 2014ರ ಒಂಬತ್ತನೇ ವಾರದಲ್ಲಿ ಹುಟ್ಟಿದ್ದು.

ಹೆಂಗಸು ಒಳಗೆ ಹೋಗಿ ಸ್ಟೌ ನೋಡಲಿಲ್ಲ, ಪರದೆ ನೋಡಲಿಲ್ಲ. ನೇರ ಹಿಂದಿನ ಕಿಟಕಿಯ ಎಡ ಮೂಲೆಗೆ ಹೋಗಿ ಹೆಬ್ಬೆರಳಿನಿಂದ ಗೋಡೆ ಒತ್ತಿದಳು. ಗೋಡೆ ಒಳಕ್ಕೆ ಹೋಯಿತು, ಹಾಲಿನಲ್ಲಿ ನೆನೆದ ರಸ್ಕಿನ ಹಾಗೆ. ಅವಳು ಏನೂ ಹೇಳದೆ ಗಂಡನ ಕಡೆ ನೋಡಿದಳು, ಗಂಡ ತಮ್ಮ ಕಡೆ ನೋಡಿದ. ತಾವು "ಕಂಡೆನ್ಸೇಶನ್" ಎಂದಿರಿ. ಎಂಥ ಗಂಭೀರ ಸ್ವರ! ಅವನು ಒಂದು ಸಲ "ಹೌದೌದು ಬಾಸ್" ಎಂದ, ಅಷ್ಟೇ. ಸುಳ್ಳುಗಾರ ಎನ್ನಲಿಲ್ಲ. ಎಂಟೂವರೆ ಸಾವಿರ ಯೂರೊ ಎಂದು ತಾವು ಬರೆದಿದ್ದ ಕ್ಯಾರವಾನಿಗೆ ಆರು ಸಾವಿರ ಎಂದು ಅಂಗೈ ಚಾಚಿದ.

ಅಲ್ಲಿಂದ ಮುಂದಿನದು ನನಗೆ ಸಿನಿಮಾ ನೋಡಿದ ಹಾಗಿತ್ತು. ಆರು, ಎಂಟು, ಆರೂಕಾಲು, ಏಳೂವರೆ. ಪ್ರತಿ ಸಲವೂ ಅವನು ಅಂಗೈ ಚಾಚುವುದು, ತಾವು ಕೈ ಹಿಂದಕ್ಕೆ ಕಟ್ಟಿಕೊಳ್ಳುವುದು. ಅಂಗೈ ಯಾಕೆಂದು ತಿಳಿಯಬೇಕಾದರೆ ಅಕ್ಟೋಬರಿನಲ್ಲಿ ಬಾಲಿನಸ್ಲೋ ಕುದುರೆ ಜಾತ್ರೆಗೆ ಹೋಗಿ ನೋಡಿ. ಬೆಲೆ ಕುದುರುವ ತನಕ ಅಂಗೈಗೆ ಅಂಗೈ ಬಡಿಯುತ್ತಾರೆ. ಇಬ್ಬರೂ ಜಗ್ಗದಿದ್ದರೆ ನಡುವೆ ಮೂರನೆಯವನೊಬ್ಬ ನುಗ್ಗಿ ಎರಡೂ ಕೈ ಹಿಡಿದು ಕೂಡಿಸುತ್ತಾನೆ. ನಮ್ಮ ದನದ ಜಾತ್ರೆಯಲ್ಲಿ ದಲ್ಲಾಳಿ ಟವಲಿನ ಕೆಳಗೆ ಬೆರಳು ಹಿಡಿದು ಮಾಡುವ ಕೆಲಸವನ್ನು ಇಲ್ಲಿ ಬಯಲಿನಲ್ಲಿ ಸದ್ದು ಮಾಡಿ ಮಾಡುತ್ತಾರೆ. ಆ ಮೂರನೆಯವನು ನಾನಾಗಬಹುದಿತ್ತು. ಕೈಯಲ್ಲಿ ಕುಕ್ಕರ್ ಇತ್ತು.

ಆರೂವರೆ ಸಾವಿರಕ್ಕೆ ತಾವು ಇನ್ನೇನು ತಲೆಯಾಡಿಸುವುದರಲ್ಲಿದ್ದಿರಿ. ಆಗ ಅವನು ಹಗುರಾಗಿ, "ಲಕ್ ಪೆನ್ನಿ ಎಷ್ಟು ಕೊಡ್ತೀರಿ?" ಎಂದ. ಪೂರ್ತಿ ಹಣ ಪಡೆದ ಮಾರಾಟಗಾರ ಹತ್ತೋ ಇಪ್ಪತ್ತೋ ಯೂರೊ ಕೊಂಡವನ ಕೈಗೆ ವಾಪಸ್ ಇಡಬೇಕು, ವಸ್ತು ಹೊಸ ಮನೆಯಲ್ಲಿ ಶುಭ ತರಲಿ ಎಂದು. ಈ ದೇಶದ ರೈತರೂ ದನ ಮಾರುವಾಗ ಕೊಡುತ್ತ ಬಂದ ರೂಢಿ ಅದು. ತಾವು ಮಾತ್ರ ಸ್ತಂಭೀಭೂತರಾದಿರಿ. ಕೊಟ್ಟ ದುಡ್ಡನ್ನು ವಾಪಸ್ ಕೇಳುತ್ತಾನಲ್ಲ, ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ ಎಂದು ಆಮೇಲೆ ನನ್ನನ್ನು ಕೇಳಿದಿರಿ. ಆಗ ವೈನಿಯವರು ಒಳಗೆ ನಿಂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೆಂತ್ಯೆ ಸೊಪ್ಪು ಕೊಂಡು ದುಡ್ಡು ಕೊಟ್ಟ ಮೇಲೂ ಕೊಸರಿಗೆಂದು ಎರಡು ಕಟ್ಟು ಕೊತ್ತಂಬರಿ ಎತ್ತಿಕೊಳ್ಳದೆ ಅವರು ಜನ್ಮದಲ್ಲಿ ಮನೆಗೆ ಬಂದವರಲ್ಲ.

"ಮನಿಯಾಗ ಕೇಳಿ ಹೇಳ್ತೀನಿ" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಅವರನ್ನು ಸಾಗಹಾಕಿದಿರಿ. ಸಂಜೆ ಮಾರಾಟವಾಯಿತು ಎಂದು ಮೆಸೇಜ್ ಹಾಕಿದಿರಿ. ಜಾಹೀರಾತು ಈಗಲೂ ಇದೆ. ಅವರಿಗೂ ಅದು ಕಾಣುತ್ತದೆ ರಾಯರೇ, ಅವರ ಫೋನಿಗೂ ಇಂಟರ್ನೆಟ್ ಉಂಟು.

ಮೋಸವೇ ಇಲ್ಲವೇ ಎಂದು ತಾವು ಕೇಳುತ್ತೀರಿ, ಗೊತ್ತು. ಇದೆ. ರಾತ್‌ಕೀಲ್ ಕಡೆಯ ಟ್ರಾವೆಲರ್‌ಗಳ ಒಂದು ತಂಡ ಮ್ಯೂಸಿಯಂಗಳಿಂದ ಖಡ್ಗಮೃಗದ ಕೊಂಬು ಕದಿಯುವ ಸಂಚು ಮಾಡಿ, 2016ರಲ್ಲಿ ಇಂಗ್ಲೆಂಡಿನಲ್ಲಿ ಜೈಲಿಗೆ ಹೋಯಿತು. ಅದನ್ನು ತಾವು ಆ ಪಂಕ್ತಿಯಲ್ಲೇ ನೆನಪಿಸಿದಿರಿ. ಆಂಗ್ಲೊ ಐರಿಷ್ ಬ್ಯಾಂಕಿನ ಮಾಜಿ ಮುಖ್ಯಸ್ಥರು 720 ಕೋಟಿ ಯೂರೊ ಠೇವಣಿಯ ಸುಳ್ಳು ಲೆಕ್ಕ ತೋರಿಸಿ, 2018ರಲ್ಲಿ ಆರು ವರ್ಷದ ಶಿಕ್ಷೆ ಪಡೆದದ್ದನ್ನು ಮಾತ್ರ ಯಾಕೋ ಮರೆತಿರಿ. ಟೈ ಕಟ್ಟಿಕೊಂಡು ಬಂದವರಿಗೆ ಕ್ಯಾರವಾನ್ ಮಾರಬಾರದು ಎಂದು ಅಂದಿನಿಂದ ಯಾರೂ ಹೇಳಿದ್ದು ಕೇಳಿಲ್ಲ. ಮಾರುವವರಿಗೆ ಬೇಕಾದ ಎಚ್ಚರ ಇಷ್ಟೇ: ಹಗಲಲ್ಲಿ ಕರೆಯಿರಿ, ನಗದಾದರೆ ಬ್ಯಾಂಕಿನಲ್ಲೇ ಎಣಿಸಿಕೊಳ್ಳಿ, ಟ್ರಾನ್ಸ್‌ಫರ್ ಆದರೆ ಸ್ಕ್ರೀನ್‌ಶಾಟ್ ನಂಬದೆ ದುಡ್ಡು ಖಾತೆಗೆ ಬೀಳುವ ತನಕ ಕೊಂಡಿ ಬಿಚ್ಚಬೇಡಿ, ರಸೀದಿ ಬರೆದುಕೊಡಿ. ಇದರಲ್ಲಿ ಅಡ್ಡಹೆಸರು ಎಲ್ಲಿ ತುರುಕಬೇಕೋ ತಾವೇ ತೋರಿಸಿಕೊಡಿ.

2020ರಲ್ಲಿ ಕೋವಿಡ್ ಬಂದು ಬೆಂಗಳೂರಿನ ವಿಮಾನ ನಿಂತಾಗ ತಾವು ಈ ಕ್ಯಾರವಾನ್ ಕೊಂಡಿರಿ. ಕೆರಿ ಕೌಂಟಿಯ ಕಡಲ ದಂಡೆಯಲ್ಲಿ ಮಳೆಯಲ್ಲಿ ಕೂತು ಉಪ್ಪಿಟ್ಟು ತಿಂದ ಫೋಟೊ ಹಾಕಿ, ಅಲೆಮಾರಿ ಬದುಕಿನ ಸುಖವೇ ಬೇರೆ ಎಂದು ಬರೆದಿರಿ. ಅಲೆಮಾರಿ ಬದುಕನ್ನೇ ಬದುಕುವವರು ಒಪ್ಪಿಗೆಯಿಲ್ಲದ ಜಾಗದಲ್ಲಿ ಕ್ಯಾರವಾನ್ ನಿಲ್ಲಿಸುವುದು ಈ ದೇಶದಲ್ಲಿ 2002ರಿಂದ ಕ್ರಿಮಿನಲ್ ಅಪರಾಧ. ತಮ್ಮ ಮನೆಯಿಂದ ದೂರವೇನಲ್ಲದ ಕ್ಯಾರಿಕ್‌ಮೈನ್ಸ್‌ನಲ್ಲಿ 2015ರ ಅಕ್ಟೋಬರಿನಲ್ಲಿ ಟ್ರಾವೆಲರ್‌ಗಳ ತಾತ್ಕಾಲಿಕ ನೆಲೆಗೆ ಬೆಂಕಿ ಬಿದ್ದು ಐದು ಮಕ್ಕಳು ಸೇರಿ ಹತ್ತು ಜನ ಸತ್ತರು. ಉಳಿದವರನ್ನು ಹತ್ತಿರದ ಖಾಲಿ ಜಾಗಕ್ಕೆ ಸ್ಥಳಾಂತರಿಸಲು ಹೋದಾಗ ಸುತ್ತಲಿನ ನಿವಾಸಿಗಳು ದಾರಿ ಕಟ್ಟಿ ನಿಂತರು. ಕಾರಣಗಳನ್ನು ಬಹಳ ಸಭ್ಯ ಭಾಷೆಯಲ್ಲೇ ಹೇಳಿದರು. ಅಂಥ ಸಭ್ಯತೆಯನ್ನು ತಾವೂ ರೂಢಿಸಿಕೊಳ್ಳುತ್ತಿದ್ದೀರಿ.

2025ರ ಜುಲೈನಲ್ಲಿ ಡಬ್ಲಿನ್ನಿನ ಟ್ಯಾಲಾದಲ್ಲಿ ಆಗಷ್ಟೇ ಬಂದಿದ್ದ ಭಾರತೀಯನೊಬ್ಬನ ಮೇಲೆ ಸುಳ್ಳು ಆಪಾದನೆ ಹೊರಿಸಿ, ಬಡಿದು ಬಟ್ಟೆ ಕಿತ್ತಾಗ ತಾವು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ರಾಯಭಾರ ಕಚೇರಿಯ ಎಚ್ಚರಿಕೆಯನ್ನು ನಮಗೆಲ್ಲ ಕಳಿಸಿ, "ಯಾರೋ ಒಬ್ಬನ ನೋಡಿ ಎಲ್ಲಾರ್ನೂ ಅಳೆಯೋದು ಯಾವ ನ್ಯಾಯ?" ಎಂದು ಬರೆದಿರಿ. ಆ ಮೆಸೇಜನ್ನು ನಾನು ಅಳಿಸಿಲ್ಲ. ಭಾವಮೈದುನನ ಸಮೇತ ಬರುವ ಗಿರಾಕಿಗೆ ಓದಿ ಹೇಳಲು ಬರುತ್ತದೆ.

ಈ ನಡುವೆ ತಮ್ಮ ಬಡಾವಣೆಯ ಮ್ಯಾನೇಜ್‌ಮೆಂಟ್ ಕಂಪನಿಯಿಂದ ತಮಗೊಂದು ಪತ್ರ ಬಂದಿದೆಯೆಂದು ಕೇಳಿದೆ. ಡ್ರೈವ್‌ವೇಯಲ್ಲಿ ಕ್ಯಾರವಾನ್ ನಿಲ್ಲಿಸುವುದು ನಿಯಮಕ್ಕೆ ವಿರುದ್ಧ, ಪ್ರದೇಶದ ಘನತೆಗೆ ಕುಂದು, ನೆರೆಹೊರೆಯವರಿಗೆ ಆತಂಕವಾಗಿದೆ, ಬೇಗ ತೆರವು ಮಾಡಿ ಎಂದು. ಆತಂಕಗೊಂಡವರಲ್ಲಿ ನಾನಿಲ್ಲ, ಖಂಡಿತ. ಆದರೆ ತೇವ ಮೂಲೆಯಿಂದ ಮೇಲಕ್ಕೆ ಹತ್ತುತ್ತಿದೆ, ಚಾವಣಿಯಲ್ಲಿ ಪಾಚಿ ಬಂದಿದೆ, ಟೈರಿಗೆ ಮತ್ತೊಂದು ವರ್ಷ ತುಂಬಿದೆ. ಆ ಬಿಳಿ ವ್ಯಾನಿನ ಮನುಷ್ಯನ ನಂಬರು ನನ್ನ ಹತ್ತಿರ ಇದೆ. ಅವನು ಈಗ ಐದಕ್ಕಿಂತ ಮೇಲೆ ಬರುವುದಿಲ್ಲ ಎಂದಿದ್ದಾನೆ. ನ್ಯಾಯವಾದ ಬೆಲೆ.

ಅದೂ ಬೇಡ, ಯೋಗ್ಯರಿಗೇ ಮಾರಬೇಕು ಎಂದರೆ ಅವರನ್ನು ಗುರುತಿಸಲು ಒಂದು ಸುಲಭದ ದಾರಿ ಹೇಳುತ್ತೇನೆ. ಬಂದ ಗಿರಾಕಿಯನ್ನು ಒಳಗೆ ಬಿಟ್ಟು ತಾವು ಹೊರಗೇ ನಿಲ್ಲಿ. ಹಿಂದಿನ ಕಿಟಕಿಯ ಎಡ ಮೂಲೆ ಒತ್ತದೆ, ಟೈರಿನ ಅಂಕಿ ಓದದೆ, ಕುಶನ್ನಿನ ಬಣ್ಣ ಹೊಗಳಿಕೊಂಡು ಇಳಿದು ಬಂದನೋ, ಅವನು ಸಂಭಾವಿತನೇ. ಅವನಿಗೆ ಪೂರ್ತಿ ಎಂಟೂವರೆ ಸಾವಿರ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಮೂರು ಮನೆ ಆಚೆಯವನು