ಅಡ್ವಾನ್ಸ್ ಕೊಡದ ಬಾಡಿಗೆದಾರರು

ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ ಯಾವ ಕ್ರಾಸಿಗೆ ನುಗ್ಗಿದರೂ ಒಬ್ಬ ಓನರ್ ಅಂಕಲ್ ಸಿಕ್ಕೇ ಸಿಗುತ್ತಾರೆ. ಮೂವತ್ತು-ನಲವತ್ತರ ಸೈಟು, ಕೆಳಗೆ ಸ್ವಂತ ವಾಸ, ಮೇಲೆ ಮೂರು ಪೋರ್ಷನ್, ಗೇಟಿನಲ್ಲಿ ‘ಟು ಲೆಟ್’ ಬೋರ್ಡಿಗೆಂದೇ ಕಾಯಂ ಕೊಕ್ಕೆ. ಮೈಸೂರು ರಸ್ತೆಯ ಯಾವುದೋ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಆಯಸ್ಸು ಸವೆಸಿ, ಬೀಳ್ಕೊಡುಗೆಯ ಗೋಡೆ ಗಡಿಯಾರದ ಜೊತೆ ಒಂದು ವರ್ನಿಯರ್ ಕ್ಯಾಲಿಪರನ್ನೂ ಮನೆಗೆ ತಂದವರು. ನಿವೃತ್ತಿಯ ಮೊದಲ ವರ್ಷ ಪಾರ್ಕಿನಲ್ಲಿ ವಾಕಿಂಗು, ಎರಡನೆಯ ವರ್ಷ ವಾಕಿಂಗ್ ಮಾಡುವವರ ಜೊತೆ ಜಗಳ, ಮೂರನೆಯ ವರ್ಷ ನಾಟಿ ಕೋಳಿ.

ಗೂಡು ಎದ್ದದ್ದು ಮನೆಯ ಹಿಂದೆ, ಸಂಪಿನ ಪಕ್ಕ. ಪ್ಲ್ಯಾನಿನಲ್ಲಿ ತೋರಿಸಿದ ಸೆಟ್‌ಬ್ಯಾಕನ್ನು ಮೂರು ಕಡೆ ಮೆಟ್ಟಿಲು, ಬಚ್ಚಲು, ಸಜ್ಜಾ ನುಂಗಿಹಾಕಿವೆ. ಅದಕ್ಕೆಲ್ಲ ಅಕ್ರಮ-ಸಕ್ರಮ ಬರಲಿ ಎಂದು ಅಂಕಲ್ ಕಾಯುತ್ತಿದ್ದಾರೆ. ಆದರೆ ಗೂಡಿನೊಳಗಿನ ಅಡ್ಡಗೋಲಿಗೂ ಗೋಡೆಗೂ ನಡುವೆ ಮಾತ್ರ ಒಂದಡಿ ಜಾಗವನ್ನು ಅಳೆದು ಬಿಟ್ಟರು. ‘ಇಲ್ದಿದ್ರೆ ಬಾಲ ಗೋಡೆಗೆ ಉಜ್ಜುತ್ತೆ ಕಣ್ರೀ’ ಎಂದು ವಿವರಣೆ. ಪಾಲಿಕೆಗೆ ಕೊಡದ ಸೆಟ್‌ಬ್ಯಾಕು ಕೋಳಿಯ ಬಾಲಕ್ಕೆ ಸಿಕ್ಕಿತು.

ಅಡ್ಡಗೋಲೆಂದರೆ ಕೋಳಿ ರಾತ್ರಿ ಕೂತು ಮಲಗುವ ಕೋಲು. ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಅದು ನರಿ, ಕಾಡುಬೆಕ್ಕಿನ ಭಯಕ್ಕೆ ಮರದ ಕೊಂಬೆಯ ಮೇಲೆ ರಾತ್ರಿ ಕಳೆಯುತ್ತಿತ್ತು. ವಿಜಯನಗರದಲ್ಲಿ ನರಿಯಿಲ್ಲ, ಹೆಗ್ಗಣ ಉಂಟು. ಹಾಗಾಗಿ ವಂಶದ ಅಭ್ಯಾಸವನ್ನು ಬಿಡುವ ಕಾರಣ ಕೋಳಿಗೆ ಇನ್ನೂ ಕಂಡಿಲ್ಲ. ಇಷ್ಟು ತಿಳಿದ ಮೇಲೆ ಅಂಕಲ್ ಸುಮ್ಮನಿರುತ್ತಾರೆಯೇ? ಬ್ಯಾಟರಾಯನಪುರದ ಟಿಂಬರ್ ಯಾರ್ಡಿನಲ್ಲಿ ಅಂಗಡಿ ಅಂಗಡಿ ಅಲೆದರು. ಪಿವಿಸಿ ಪೈಪು ಬೇಡ, ಕಾಲು ಜಾರುತ್ತದೆ. ಸೆಂಟ್ರಿಂಗಿನ ಸರ್ವೆ ಕಂಬ ಬೇಡ, ತೊಗಟೆಯ ಸಂದಿಯಲ್ಲಿ ಹುಳ ಸೇರುತ್ತದೆ. ಎರಡಿಂಚು ಅಗಲದ ರೀಪರ್ ಪಟ್ಟಿ ಬೇಕು, ಅದರ ಮೇಲಂಚು ಗುಂಡಗಾಗಬೇಕು. ಏಕೆಂದರೆ ಇಡೀ ರಾತ್ರಿ ಮೈಭಾರ ಪಾದ ಮತ್ತು ಎದೆಮೂಳೆಯ ಮೇಲೆ ಇರುತ್ತದೆ. ಬೆರಳು ಹರಡಿ ಕೂರಲು ಜಾಗವಿಲ್ಲದಿದ್ದರೆ, ಅಂಚು ಚೂಪಾಗಿದ್ದರೆ ಅಂಗಾಲು ಗಾಯವಾಗಿ ಬಾವು ಬರುತ್ತದೆ.

ಬಡಗಿ ಕೇಳಿದ: ‘ಯಾರಿಗೆ ಸಾರ್ ಇದು, ಮಗೂ ತೊಟ್ಲಿಗಾ?’

‘ಕೋಳಿ ಮಲ್ಗಕ್ಕೆ ಕಣಪ್ಪ. ಎಮರಿ ಪೇಪರ್ ಇನ್ನೊಂದ್ಸಲ ಹೊಡಿ.’

ಬಡಗಿ ಅಂದಿನಿಂದ ಅಂಕಲ್ ಫೋನು ಎತ್ತುತ್ತಿಲ್ಲ.

ಮುಂದಿನದು ಉದ್ದದ ಲೆಕ್ಕ. ಯುರೋಪಿಯನ್ ಒಕ್ಕೂಟ 1999ರಲ್ಲೇ ಮೊಟ್ಟೆ ಕೋಳಿಗೆ ತಲಾ 15 ಸೆಂಟಿಮೀಟರ್ ಅಡ್ಡಗೋಲು ಕೊಡಬೇಕೆಂದು ನಿಯಮ ಮಾಡಿತು. 2012ರಿಂದ ಅಡ್ಡಗೋಲೂ ಇಲ್ಲದ ಬರಿಯ ಪಂಜರಗಳನ್ನೇ ನಿಷೇಧಿಸಿತು. ಇದನ್ನು ಓದಿ ಅಂಕಲ್‌ಗೆ ಮರುಕವಾಯಿತು. ‘ಹದಿನೈದು ಸೆಂಟಿಮೀಟರಲ್ಲಿ ಹೆಂಗ್ರೀ ಮಲಗೋದು, ಪಾಪ! ನಾನು ಹತ್ತಿಂಚು ಕೊಟ್ಟಿದೀನಿ. ಆರು ಕೋಳಿಗೆ ಐದಡಿ ಕೋಲು.’ ಈ ಮಾತನ್ನು ಅವರು ಹೇಳಿದ್ದು ಮೇಲಿನ ಪೋರ್ಷನ್ನಿನ ಹುಡುಗನಿಗೆ. ಅವನೂ ಅವನ ಮೂವರು ಗೆಳೆಯರೂ ಒಂದೇ ರೂಮಿನಲ್ಲಿ, ಒಬ್ಬ ಮಗ್ಗುಲಾದರೆ ನಾಲ್ವರೂ ಮಗ್ಗುಲಾಗುತ್ತ, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮಲಗುವವರು.

ಎತ್ತರದ ವಿಷಯದಲ್ಲಿ ಅಂಕಲ್ ಎರಡು ಸಲ ಮನಸ್ಸು ಬದಲಾಯಿಸಿದರು. ಮೊದಲು ಏಣಿಯಂತೆ ಮೂರು ಅಂತಸ್ತು ಹಾಕಿಸಿದ್ದರು. ಆದರೆ ಕೋಳಿಗಳಲ್ಲಿ ಹಿರಿತನದ ಲೆಕ್ಕ ಬಿಗಿ. ಯಾರು ಯಾರನ್ನು ಕುಕ್ಕಬಹುದು ಎಂಬ ಈ ಶ್ರೇಣಿಯನ್ನು ನಾರ್ವೆಯ ಶೆಲ್ಡರುಪ್-ಎಬ್ಬೆ ಎಂಬ ವಿಜ್ಞಾನಿ 1921ರಲ್ಲೇ ಬರೆದಿಟ್ಟಿದ್ದಾನೆ. ಮದುವೆ ಮಂಟಪದ ಮುಂದಿನ ಸೋಫಾಕ್ಕೆ ಬೀಗರು ಮುಗಿಬೀಳುವಂತೆ ಆರೂ ಕೋಳಿಗಳು ಮೇಲಿನ ಕೋಲಿಗೇ ಮುಗಿಬಿದ್ದವು. ಸೋತು ಕೆಳಗೆ ಕೂತವುಗಳ ತಲೆಯ ಮೇಲೆ ರಾತ್ರಿಯಿಡೀ ಮೇಲಿನವರ ಹಿಕ್ಕೆಯ ಅಭಿಷೇಕ. ‘ಇದು ಅನ್ಯಾಯ’ ಎಂದ ಅಂಕಲ್, ಎಲ್ಲ ಕೋಲನ್ನೂ ಒಂದೇ ಎತ್ತರಕ್ಕೆ ತಂದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೊಡುಗೆಯಾದ ಗಿರಿರಾಜ ತಳಿಯ ಹುಂಜವೊಂದು ಬಂದ ಮೇಲೆ ಎತ್ತರವನ್ನು ಎರಡಡಿಯೊಳಗೆ ಇಳಿಸಿದರು. ಅಷ್ಟು ಭಾರದ ಮೈ ಮೇಲಿನಿಂದ ಧೊಪ್ಪನೆ ನೆಗೆದರೆ ಕಾಲು ಉಳಿಯುವುದಿಲ್ಲ. ಮೊಟ್ಟೆಯ ಡಬ್ಬಿಗಳನ್ನು ಅದಕ್ಕಿಂತ ಕೆಳಗಿಟ್ಟರು. ಡಬ್ಬಿ ಮೇಲಿದ್ದರೆ ಕೋಳಿ ಅದರಲ್ಲೇ ಮಲಗಿ, ಬೆಳಗ್ಗೆ ಮೊಟ್ಟೆಯೆಲ್ಲ ಗಲೀಜು.

ಆಂಟಿ ಮಾಗಡಿ ಕಡೆಯವರು. ಅಡುಗೆಮನೆ ಕಿಟಕಿಯಿಂದಲೇ ಅಂದರು: ‘ರೀ, ನಮ್ಮವ್ವ ಮಂಕ್ರಿ ಕವುಚಿ ಮೇಲೊಂದು ಕಲ್ಲು ಹೇರ್ತಿದ್ಳು. ನಿದ್ದೆ ಬರ್ಲಿಲ್ಲ ಅಂತ ಒಂದು ಕೋಳೀನೂ ಕಂಪ್ಲೇಂಟ್ ಕೊಟ್ಟಿರ್ಲಿಲ್ಲ.’

‘ಆಗ ಕೇಳೋರು ಯಾರಿದ್ರೇ?’ ಎಂದರು ಅಂಕಲ್, ವರ್ನಿಯರಿನಿಂದ ತಲೆಯೆತ್ತದೆ.

ಇಷ್ಟೆಲ್ಲ ಆದ ಮೇಲೆ ಹೊಸ ಏರ್ಪಾಡಿನ ಮೊದಲ ಸಂಜೆ ಕೋಳಿಗಳು ಹೋಗಿ ಕೂತದ್ದು ಮೇಲಿನ ಮನೆಯ ಹುಡುಗನ ಸ್ಕೂಟರಿನ ಮೇಲೆ. ಅಂಕಲ್ ಧೃತಿಗೆಡಲಿಲ್ಲ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣುವುದು ಕಷ್ಟ, ಎತ್ತಿದರೆ ಸದ್ದಿಲ್ಲದೆ ಬರುತ್ತದೆ. ಮಂಕಿ ಕ್ಯಾಪು ಹಾಕಿ, ಒಂದೊಂದನ್ನೇ ಕಂಕುಳಲ್ಲಿ ಅವುಚಿಕೊಂಡು ಹೋಗಿ ಅಡ್ಡಗೋಲಿನ ಮೇಲೆ ಕೂರಿಸಿದರು. ಕೆಲವು ರಾತ್ರಿ ಹೀಗೆ ನಡೆದ ಮೇಲೆ ಕೋಳಿಗಳಿಗೆ ಜಾಗ ಒಗ್ಗಿತು. ಸೂರ್ಯ ಇಳಿಯುತ್ತಲೇ ತಾವೇ ಸಾಲಾಗಿ ಒಳಗೆ ಹೋಗತೊಡಗಿದವು. ಅಂಕಲ್ ಇದನ್ನು ಬಾಡಿಗೆದಾರರಿಗೆಲ್ಲ ಎದುರು ನಿಲ್ಲಿಸಿ ತೋರಿಸಿದರು. ‘ನೋಡಿ, ಟೈಮಿಗೆ ಸರಿಯಾಗಿ ಮನೆ ಸೇರೋದು ಅಂದ್ರೆ ಇದು. ನಿಮಗೆ ಹತ್ತು ಗಂಟೆ ಗೇಟೂ ಕಷ್ಟ!’ ಬೆಳಗಿನ ಜಾವ ನಾಲ್ಕಕ್ಕೆ ಹುಂಜ ಕೂಗಿ ಇಡೀ ಕ್ರಾಸನ್ನು ಎಬ್ಬಿಸುವುದಕ್ಕೆ ಅಗ್ರಿಮೆಂಟಿನಲ್ಲಿ ನಿಷೇಧವಿಲ್ಲ.

ನಿಷೇಧವಿರುವುದು ಮೊಳೆಗೆ. ಮೇಲಿನ ಮನೆಗಳಲ್ಲಿ ಕ್ಯಾಲೆಂಡರಿಗೂ ಮೊಳೆ ಹೊಡೆಯುವಂತಿಲ್ಲ. ಗೂಡಿನಲ್ಲೂ ಅಂಕಲ್ ಅಡ್ಡಗೋಲಿಗೆ ಮೊಳೆ ಹೊಡೆದಿಲ್ಲ. ಆದರೆ ಕಾರಣ ಬೇರೆ. ಕೆಂಪು ನುಸಿ ಹಗಲು ಕೋಲಿನ ಬಿರುಕಿನಲ್ಲಿ ಅಡಗಿ ರಾತ್ರಿ ಕೋಳಿಯ ರಕ್ತ ಹೀರುತ್ತದೆ. ಹಾಗಾಗಿ ಕೋಲನ್ನು ಬ್ರಾಕೆಟ್ಟಿನ ಮೇಲೆ ಸುಮ್ಮನೆ ಕೂರಿಸಿ, ಬೇಕೆಂದಾಗ ಎತ್ತಿ ಬಿಸಿಲಿಗಿಟ್ಟು ಬೇವಿನೆಣ್ಣೆ ಸವರುತ್ತಾರೆ. ಗೋಡೆಗೆ ಆಗಾಗ ಸುಣ್ಣ, ಕೋಲಿನ ಕೆಳಗೆ ಹಿಕ್ಕೆ ಬಳಿಯಲು ಹಲಗೆ. ಮಾಡಿಗೆ ತಾಗಿ ಎರಡು ಜಾಲರಿ ಕಿಂಡಿ: ಹಿಕ್ಕೆಯ ಅಮೋನಿಯಾ ಹೊರಗೆ ಹೋಗಬೇಕು, ಆದರೆ ಮಲಗಿದ ಕೋಳಿಯ ಮೈಗೆ ಗಾಳಿ ನೇರ ಹೊಡೆಯಬಾರದು.

ಈ ಕಿಂಡಿಗಳನ್ನು ನೋಡಿ ಎರಡನೆಯ ಮಹಡಿಯ ಗೃಹಿಣಿಗೆ ಧೈರ್ಯ ಬಂತು. ‘ಅಂಕಲ್, ನಮ್ಮ ಅಡುಗೆಮನೆಗೂ ಒಂದು ಎಕ್ಸಾಸ್ಟ್ ಫ್ಯಾನ್...’

‘ನೀವು ಮೊಟ್ಟೆ ಇಡ್ತೀರೇನಮ್ಮ?’

ವರ್ಷತೊಡಕು ಬಂತು. ಯುಗಾದಿಯ ಮಾರನೆಯ ದಿನ ಈ ಭಾಗದಲ್ಲಿ ಮಾಂಸದಡುಗೆಯಿಲ್ಲದ ಒಲೆ ಕಡಿಮೆ. ಆರು ನಾಟಿ ಹೇಟೆ, ಒಂದು ಗಿರಿರಾಜ ಹಿತ್ತಲಲ್ಲೇ ಇವೆ. ನೆಂಟರು ಬಾಯಲ್ಲಿ ನೀರೂರಿಸಿಕೊಂಡು ಬಂದರು. ಅಂಕಲ್ ಮಾತ್ರ ಕೋಳಿ ಕೂಗುವ ಮೊದಲೇ ಎದ್ದು ಬಾಪೂಜಿನಗರದ ಮಟನ್ ಅಂಗಡಿಯ ಕ್ಯೂನಲ್ಲಿ ನಿಂತಿದ್ದರು. ಮುಂದೆ ನಿಂತವರು ‘ಮನೇಲೇ ಕೋಳಿ ಇದ್ಯಲ್ಲ ಸಾರ್’ ಎಂದಾಗ ಅಂಕಲ್ ಮುಖ ಗಂಟಿಕ್ಕಿದರು: ‘ಇರೋ ಬಾಡಿಗೆದಾರ್‍ರನ್ನ ಯಾರಾದ್ರೂ ಹಬ್ಬದ ದಿನ ಖಾಲಿ ಮಾಡಿಸ್ತಾರೇನ್ರೀ?’

ಒಳ್ಳೆಯ ಮನೆ ಎಂದರೇನು ಎಂಬುದು ಅಂಕಲ್‌ಗೆ ಚೆನ್ನಾಗಿ ಗೊತ್ತು: ತಲಾ ಇಷ್ಟು ಜಾಗ, ಗಾಳಿ, ಶುಚಿ, ಮೇಲಿನವನ ಕೊಳೆ ಕೆಳಗಿನವನ ತಲೆಗೆ ಬೀಳದ ಏರ್ಪಾಡು. ಆ ಜ್ಞಾನ ಮೆಟ್ಟಿಲು ಹತ್ತುವುದಿಲ್ಲ, ಅಷ್ಟೆ.

ಮೊನ್ನೆ ಮೇಲಿನ ಪೋರ್ಷನ್ನಿನ ಹುಡುಗ ಖಾಲಿ ಮಾಡಿದ. ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆಂದು ಮುರಿದುಕೊಂಡು, ಅಂಕಲ್ ಪ್ರೀತಿಯಿಂದಲೇ ಬೀಳ್ಕೊಟ್ಟರು. ‘ಹೋಗ್ಬಾಪ್ಪ. ಈ ಕಡೆ ಮನೆ ಏನಾದ್ರೂ ಬೇಕಿದ್ರೆ ಹೇಳು.’

ಹುಡುಗ ಬ್ಯಾಗು ಹೆಗಲಿಗೇರಿಸಿ ಹಿತ್ತಲ ಕಡೆಗೊಮ್ಮೆ ನೋಡಿ ಹೇಳಿದ: ‘ಕೋಳಿ ಯಾವುದಾದ್ರೂ ಖಾಲಿ ಮಾಡಿದ್ರೆ ಫೋನ್ ಮಾಡಿ ಅಂಕಲ್. ಹತ್ತಿಂಚು ಸಾಕು.’