ನಾಯಿಗಳಿಗೂ ಸಿಎಲ್‌-2 ಭಾಗ್ಯ ಕೊಡಿ

ಅಬಕಾರಿ ಇಲಾಖೆಗೆ ಹನುಮಸಾಗರದ ನಿವಾಸಿಯೊಬ್ಬನ ಬಹಿರಂಗ ಪತ್ರ

ವಿಷಯ: ಅಡುಗೆ ಮಾಡದ ಮದ್ಯದಂಗಡಿಗಳೊಳಗೆ ನಾಯಿಗಳನ್ನು ಬಿಟ್ಟುಕೊಳ್ಳುವ ಕುರಿತು.

ಮಾನ್ಯರೇ,

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಿ, ಹಿಡಿದಲ್ಲೇ ಮತ್ತೆ ಬಿಡಬೇಡಿ ಎಂದಿತು. ಆ ಪಟ್ಟಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದೆ. ಮದ್ಯದಂಗಡಿಯ ಹೆಸರಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನ ನಾಯಿಗಳ ಪುನರ್ವಸತಿಗೆ ಇದಕ್ಕಿಂತ ಪ್ರಶಸ್ತ ಜಾಗ ಕುಷ್ಟಗಿ ತಾಲ್ಲೂಕಿನಲ್ಲೇ ಸಿಗದು.

ಬಾರ್ ಆಂಡ್ ರೆಸ್ಟೋರೆಂಟ್ ಬೇಡ. ಅದು ಸಿಎಲ್‌-9 ಪರವಾನಗಿಯದು, ಅಲ್ಲಿ ಒಲೆ ಉರಿಯುತ್ತದೆ. ಒಲೆ ಇದ್ದಲ್ಲಿ ಆಹಾರ ಸುರಕ್ಷತೆಯ ನಿಯಮ ಇರುತ್ತದೆ, ಆ ನಿಯಮಕ್ಕೆ ನಾಯಿ ಕಂಡರಾಗದು. ನಾನು ಕೇಳುವುದು ಸಿಎಲ್‌-2. 1968ರ ಅಬಕಾರಿ ನಿಯಮಗಳ ಪ್ರಕಾರ ಅಲ್ಲಿ ಸೀಲು ಒಡೆಯದ ಬಾಟಲಿ ಮಾರಬಹುದು, ಅಷ್ಟೇ. ಬೇಯಿಸುವಂತಿಲ್ಲ, ಬಡಿಸುವಂತಿಲ್ಲ, ಕೂತು ಕುಡಿಯುವಂತಿಲ್ಲ. ಇಷ್ಟು ಮಡಿಯ ಜಾಗ ಬೇರೆಲ್ಲಿದೆ?

ಕುಹಕಿಗಳು ಇಂಥ ಅಂಗಡಿಗಳ ಹಿಂದಿನ ತಗಡಿನ ಶೆಡ್ಡು ತೋರಿಸಿ ನಗುತ್ತಾರೆ. ನಂಬಬೇಡಿ. ಆ ಪ್ಲಾಸ್ಟಿಕ್ ಲೋಟಗಳು, ನೀರಿನ ಪಾಕೀಟುಗಳು ಗಾಳಿಗೆ ಹಾರಿ ಬಂದವು. ಟೇಬಲ್ಲು, ಕುರ್ಚಿ ಯಾರದೋ ಮದುವೆಯಿಂದ ಉಳಿದವು. ಎದುರಿಗೆ ನಿಂತ ಎಗ್‌ರೈಸ್ ಬಂಡಿ ಬರೀ ಕಾಕತಾಳೀಯ. ಕ್ವಾರ್ಟರ್ ಕೊಂಡ ಪ್ರತಿಯೊಬ್ಬನೂ ಅದನ್ನು ಭದ್ರವಾಗಿ ಮನೆಗೆ ಒಯ್ಯುತ್ತಾನೆಂದು ದಾಖಲೆ ಹೇಳುವಾಗ, ಕಣ್ಣನ್ನು ನಂಬುವುದು ಸರ್ಕಾರಕ್ಕೆ ಮಾಡುವ ಅವಮಾನ.

ಅಂಥಲ್ಲಿ ನಾಯಿಗಿಂತ ಶಿಸ್ತಿನ ಜೀವ ಯಾವುದು? ಅದು ಸೀಲು ಒಡೆಯುವುದಿಲ್ಲ. ಉದ್ರಿ ಕೇಳುವುದಿಲ್ಲ. ಎಂಆರ್‌ಪಿಗಿಂತ ಹೆಚ್ಚು ಯಾಕೆ ಎಂದು ತಕರಾರು ತೆಗೆಯುವುದಿಲ್ಲ. ಹೆಂಡತಿಯ ಕೂಲಿ ದುಡ್ಡು ಕಸಿದು ತಂದಿರುವುದಿಲ್ಲ. ರಾತ್ರಿ ಮನೆಗೆ ಹೋಗಿ ಯಾರ ಮೇಲೂ ಕೈ ಮಾಡುವುದಿಲ್ಲ.

ಇದೇನು ಹೊಸ ಬೇಡಿಕೆಯೂ ಅಲ್ಲ. ಇಂಗ್ಲೆಂಡಿನ ಪಬ್ಬುಗಳಲ್ಲಿ ನಾಯಿ ಒಡೆಯನ ಕಾಲಬುಡದಲ್ಲಿ ಮಲಗುವುದು ಹಳೆಯ ರೂಢಿ. ಬೆಂಗಳೂರಿನ ಕೆಲವು ಕೆಫೆಗಳು ಲ್ಯಾಬ್ರಡಾರ್‌ಗಳನ್ನು ಅತಿಥಿಗಳೆಂದೇ ಒಳಗೆ ಕರೆಯುತ್ತವೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ 2005ರಲ್ಲೇ ಅಂಚೆಚೀಟಿ ಭಾಗ್ಯ ಸಿಕ್ಕಿತು. ಹನುಮಸಾಗರದ ಕಂತ್ರಿ ನಾಯಿ ಮಾಡಿದ ಪಾಪವೇನು?

ಅರ್ಜಿ ತಿರಸ್ಕರಿಸಿದರೂ ಬೇಸರವಿಲ್ಲ. ಕಾರಣವನ್ನು ಮಾತ್ರ ಬರೆದು ಕೊಡಿ. 'ಒಳಗೆ ಕೂತು ಕುಡಿಯುವ ಗಿರಾಕಿಗಳಿಗೆ ನಾಯಿಗಳಿಂದ ತೊಂದರೆಯಾಗುತ್ತದೆ' ಎಂದರೆ ಸಾಕು. ಮದ್ಯ ನಿಷೇಧಿಸಿ ಎಂದು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ನಮ್ಮ ಹೆಣ್ಣುಮಕ್ಕಳು, ಸಹಿ ಮತ್ತು ಸೀಲು ಇರುವ ಅಂಥದೊಂದು ಸಾಲಿಗಾಗಿ ಇನ್ನೂ ಕಾಯುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಹನುಮಸಾಗರದ ಒಬ್ಬ ನಿವಾಸಿ